ಗಣಿಯ ತಾಯಂದಿರಿಗೆ ಕೂಸುಗಳ ಸುದ್ದಿ

ಶಹಾಬಾದದ ಫರ್ಸಿ, ಅಂದರೆ ಹಾಸುಗಲ್ಲಿನ, ಗಣಿಗಳ ಹತ್ತಿರದ ಸಣ್ಣ ಮಕ್ಕಳ ಸಾಲೆಗೆ ನಾನು ಸೇರಿದ ದಿನ ನನ್ನ ಕೈಗೆ ಪಾಟಿ, ಬಳಪ ಯಾವುದನ್ನೂ ಕೊಡಲಿಲ್ಲ. ಸಾಲೆಯ ಮುಖ್ಯಸ್ಥೆ ಜಮೀಲಾ ಬೇಗಂ ಅವರು ನನ್ನನ್ನು ಬಾಗಿಲಿಗೆ ಕರೆದುಕೊಂಡು ಹೋಗಿ ಹೊಸ್ತಿಲ ಮೇಲೆ ನಿಲ್ಲಿಸಿದರು.

"ನಿನ್ನ ಕೆಲಸ ಇಲ್ಲೇ ಅದ. ಒಳಗಿಂದು ನಾ ನೋಡ್ಕೋತೀನಿ, ಆಯಾ ಪೋಚಮ್ಮ ನೋಡ್ಕೋತಾಳ. ಮುಂಜಾನಿ ಬರೋರ್ನ ನೀ ನೋಡು, ಸಂಜಿಗಿ ಹೋಗೋರಿಗಿ ನೀ ಹೇಳು."

"ಏನ್ ಹೇಳ್ಲಿರಿ?"

"ಅದೇ ಕಲೀಬೇಕು ನೀ" ಎಂದು ಒಳಗೆ ಹೋದರು.

ಬಾಲವಾಡಿ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ನನ್ನನ್ನು ಕಾಣಲು ಬರುತ್ತಾರೆ. ಹಾಡು ಹೇಳಿಕೊಡಿ ಎನ್ನುತ್ತಾರೆ, ಮಣ್ಣಿನ ಗೊಂಬೆ ಮಾಡುವುದು ಹೇಗೆ ಎಂದು ಕೇಳುತ್ತಾರೆ. ತಂದೆತಾಯಿಗಳ ಜೊತೆ ಮಾತಾಡುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾಳೆ ರಜೆ, ಕೂಸಿಗೆ ಉಗುರು ತೆಗೆದು ಕಳಿಸಿ, ತಲೆಗೆ ಬಟ್ಟೆ ಕಟ್ಟಿ ಕಳಿಸಿ, ಇಷ್ಟನ್ನು ಹೇಳುವುದಕ್ಕೆ ಕಲಿಯುವುದೇನಿದೆ ಎಂದು ಅವರಿಗೆ ಅನಿಸುತ್ತಿರಬೇಕು. ನನಗೂ ಹಾಗೇ ಅನಿಸಿತ್ತು. ಆ ಹೊಸ್ತಿಲ ಮೇಲೆ ನಿಂತು ನಾನು ಕಂಡದ್ದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಸೇಡಂ ತಾಲೂಕಿನ ಆಡಕಿಯವಳು. ಹೆಸರು ಬಸಲಿಂಗಮ್ಮ. ತಂದೆ ಊರಲ್ಲಿ ಸಣ್ಣದೊಂದು ಕನ್ನಡ ಸಾಲೆ ನಡೆಸುತ್ತಿದ್ದರು. ನಿಜಾಮರ ಕಾಲದಲ್ಲಿ ಸರ್ಕಾರಿ ಸಾಲೆಯೆಂದರೆ ಉರ್ದು. ನಾನು ಮನೆಯಲ್ಲಿ ಕನ್ನಡ ಕಲಿತೆ, ಸೇಡಂನಲ್ಲಿ ಸೋದರಮಾವನ ಮನೆಯಲ್ಲಿದ್ದು ಉರ್ದು ಕಲಿತೆ. ಎರಡೂ ಬರುವ ಹೆಣ್ಣುಮಗಳು ಬೇಕೆಂದು ಶಹಾಬಾದದಿಂದ ಮಾತು ಬಂದಾಗ ತಂದೆ ನನ್ನನ್ನು ಸೇಡಂನಲ್ಲಿ ರೈಲು ಹತ್ತಿಸಿ ತಾವೂ ಹತ್ತಿದರು. ಚಿತ್ತಾಪುರ ದಾಟಿ, ವಾಡಿಯಲ್ಲಿ ಇಳಿದು, ಇನ್ನೊಂದು ರೈಲು ಹಿಡಿದು ಬಂದೆವು. ಶಹಾಬಾದದಲ್ಲಿ ಕಾಲಿಟ್ಟಾಗ ಗಿಡದ ಎಲೆ, ಎತ್ತಿನ ಕೊಂಬು, ಮನುಷ್ಯರ ಹುಬ್ಬು ಎಲ್ಲದರ ಮೇಲೂ ಕಲ್ಲಿನ ಧೂಳು ಕೂತಿತ್ತು.

ಸಾಲೆ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆ ಫರ್ಸಿ, ನೆಲ ಫರ್ಸಿ, ಮೇಲೆ ಹಾಸಿದ್ದೂ ಫರ್ಸಿ. ಒಂದು ಬದಿಗೆ ಹಳೆಯ ಸೀರೆಗಳ ಜೋಳಿಗೆಯಲ್ಲಿ ಮೊಲೆ ಕುಡಿಯುವ ಕೂಸುಗಳು, ಇನ್ನೊಂದು ಬದಿಗೆ ಓಡಾಡುವ ಮಕ್ಕಳು. ಹಿಂದೆ ಒಲೆ. ಸಾಲೆಯ ಮುಂದೆ ಒಂದು ಹಳ್ಳ, ಹಳ್ಳದ ಆಚೆ ಗಣಿ. ಈ ಸಾಲೆಯನ್ನು ಗಣಿಯ ಮಾಲೀಕರು ಧರ್ಮಕ್ಕೆ ಕಟ್ಟಿಸಿದರೆಂದು ಆಮೇಲೆ ಬಾಗಿಲ ಮೇಲೆ ಕೆತ್ತಿಸಿದರು. ನಡೆದದ್ದು ಬೇರೆ. ಮೊದಲು ತಾಯಂದಿರು ಕೂಸುಗಳನ್ನು ಗಣಿಯ ದಂಡೆಯಲ್ಲೇ ಮಲಗಿಸಿ ಕಲ್ಲು ಹೊರುತ್ತಿದ್ದರು. ಒಮ್ಮೆ ಸುತ್ತಿಗೆ ಪೆಟ್ಟಿಗೆ ಸಿಡಿದ ಚಕ್ಕೆ ಒಂದು ಕೂಸಿನ ಕಣ್ಣಿಗೆ ಬಡಿಯಿತು. ಅಂದು ಹೆಂಗಸರೆಲ್ಲ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತುಬಿಟ್ಟರಂತೆ. ಕೂಗಲಿಲ್ಲ, ಬೈಯಲಿಲ್ಲ, ಎದ್ದೇಳಲೂ ಇಲ್ಲ. ಕೂಸುಗಳಿಗೆ ನೆರಳಿನ ಜಾಗ ಕೊಡುತ್ತೇವೆಂದು ಮಾತು ಸಿಕ್ಕ ಮೇಲೆಯೇ ಎದ್ದರು. ಇದನ್ನು ನನಗೆ ಹೇಳಿದವಳು ಆಯಾ ಪೋಚಮ್ಮ. ಅವಳೂ ಆ ದಿನ ಬುಟ್ಟಿಯ ಮೇಲೆ ಕುಳಿತವರಲ್ಲಿ ಒಬ್ಬಳು. ಚಿಂಚೋಳಿಯ ಆಚೆ, ತೆಲುಗು ಮಾತಾಡುವ ಸೀಮೆಯಿಂದ ಬಂದವಳು.

ಜಮೀಲಾ ಬೇಗಂ ಅವರನ್ನು ಎಲ್ಲರೂ ಬಡೀ ಆಪಾ, ದೊಡ್ಡಕ್ಕ, ಎನ್ನುತ್ತಿದ್ದರು. ಎತ್ತರದ ಹೆಂಗಸು, ಬಿಳಿ ದುಪಟ್ಟಾ, ನಕ್ಕರೆ ಪುಣ್ಯ. ಮದುವೆಯಾಗಿರಲಿಲ್ಲ. ಮುದಿ ತಾಯಿಯ ಜೊತೆ ಊರೊಳಗಿನ ಒಂದು ಓಣಿಯಲ್ಲಿದ್ದರು. ಮಕ್ಕಳನ್ನು ಎತ್ತಿ ಮುದ್ದಾಡಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಪ್ರತಿ ಮುಂಜಾನೆ ಒಂದೊಂದು ಕೂಸಿನ ಕಣ್ಣು, ಕಿವಿ, ನಾಲಿಗೆ, ಅಂಗಾಲು ನೋಡದೆ ಒಳಗೆ ಬಿಡುತ್ತಿರಲಿಲ್ಲ.

ನನ್ನ ಮೊದಲ ಎಡವಟ್ಟು ದೇವಿಯದು. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಿದ್ದರು, ಅದರ ಚುಚ್ಚುಮದ್ದಿಗೆ ದೇವಿ ಹಾಕುವುದು ಎನ್ನುತ್ತಿದ್ದರು. ಮಾರನೆಯ ದಿನ ಚುಚ್ಚುವವರು ಬರುತ್ತಾರೆಂದು ಸರ್ಕಾರದ ಉರ್ದು ಸೂಚನೆ ಬಂತು. ಸಂಜೆ ನಾನು ಹೊಸ್ತಿಲ ಮೇಲೆ ನಿಂತು, "ನಾಳಿ ಮುಂಜಾನಿ ಸಾಲಿಗಿ ದೇವಿ ಹಾಕೋರು ಬರ್ತಾರ, ಎಲ್ಲಾರೂ ಕೂಸುಗಳ್ನ ಕರ್ಕೊಂಡು ಬರ್ರಿ" ಎಂದು ಕೂಗಿದೆ. ಅದೇ ಹೊತ್ತಿಗೆ ಕಲ್ಲು ತುಂಬಿದ ಬಂಡಿಗಳು ಸಾಲಾಗಿ ಹೊರಟಿದ್ದವು. ಮುಂದೆ ನಿಂತವರಿಗೆ ಅರ್ಧ ಕೇಳಿತು, ಹಿಂದಿನವರಿಗೆ ಅವರು ಹೇಳಿದ್ದು ಕೇಳಿತು.

ಮರುದಿನ ಬಾಗಿಲು ತೆಗೆದರೆ ಅಂಗಳ ತುಂಬ ಹೆಂಗಸರು. ತಲೆಗೆ ನೀರು ಹಾಕಿಕೊಂಡಿದ್ದಾರೆ, ಕೈಯಲ್ಲಿ ಬೇವಿನ ತೊಪ್ಪಲು, ಮೊಸರನ್ನದ ಗಡಿಗೆ. ಮಕ್ಕಳ ಹಣೆಗೆ ಅರಿಶಿನ. ಅಷ್ಟರಲ್ಲಿ ಚುಚ್ಚುವವನು ಸೈಕಲ್ ಮೇಲೆ ಬಂದ. ತನ್ನನ್ನು ಕಂಡರೆ ಜನ ಕೂಸುಗಳನ್ನು ಜೋಳದ ಕಣಜದಲ್ಲಿ ಬಚ್ಚಿಡುವುದನ್ನೇ ನೋಡಿದ್ದವನು, ಈ ಜಾತ್ರೆ ಕಂಡು ಸೈಕಲ್‌ನಿಂದ ಇಳಿಯಲೇ ಹೆದರಿದ.

"ದೇವಿ ಎಲ್ಲದಾಳ್ರಿ ಅಕ್ಕೋರೆ?" ಎಂದು ನಾಗಮ್ಮ ಕೇಳಿದಳು. ನಾಗಮ್ಮ ಕಲ್ಲು ಹೊರುವವರಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದ ಹೆಂಗಸು. ಕಂಕುಳಲ್ಲಿ ಅವಳ ಹಸುಗೂಸು ಸಿದ್ಧ್ಯಾ. ನಾನು ಆಪಾ ಕಡೆ ತಿರುಗಿದೆ. ಸುಮ್ಮನಿದ್ದರೆ ದೇವಿಯ ಹೆಸರಿನಲ್ಲೇ ಕೆಲಸ ಮುಗಿದುಹೋಗುತ್ತಿತ್ತು. ಚುಚ್ಚುವವನೂ ಅದನ್ನೇ ಪಿಸುಗುಟ್ಟಿದ. ಬಡೀ ಆಪಾ ಒಪ್ಪಲಿಲ್ಲ. ಮುಂದೆ ಬಂದು ನಿಂತರು.

"ದೇವಿ ಬಂದಿಲ್ಲಮ್ಮ. ದೇವಿ ಬರಬಾರದಂತ ಇವರು ಬಂದಾರ. ಸೂಜೀಲೆ ಚುಚ್ತಾರ, ಕೂಸು ಅಳ್ತದ, ಎರಡು ದಿನ ಜ್ವರ ಬರ್ತದ. ಸುಳ್ಳು ಹೇಳಲ್ಲ. ಒಲ್ಲೆ ಅನ್ನೋರು ಹೋಗ್ರಿ, ನಾ ಏನೂ ಅನ್ನಲ್ಲ."

ಒಬ್ಬಿಬ್ಬರು ಗಡಿಗೆ ಎತ್ತಿಕೊಂಡರು. ನಾಗಮ್ಮ ಅಲ್ಲಾಡಲಿಲ್ಲ.

"ನಂದು ಮೊದಲಿನ ಎರಡೂ ಕೂಸು ದೇವಿ ಒಯ್ದಾಳ್ರಿ ಆಪಾ. ಇದು ಮೂರನೇದು. ಇದನ್ನರ ಬಿಡ್ತಾಳೇನು?"

"ಬಿಡ್ತಾಳಂತ ನಂಬೀನಿ. ನನಗೂ ಇದೇ ಸೂಜಿ ಚುಚ್ಯಾರ" ಎಂದು ಆಪಾ ತೋಳಿನ ಕಲೆ ತೋರಿಸಿದರು.

ನಾಗಮ್ಮ ಬೇವಿನ ತೊಪ್ಪಲನ್ನು ಕೆಳಗಿಟ್ಟು, ಸೂಜಿಯ ಮುಂದೆ ಹೋಗಿ ಕುಳಿತು, ಸಿದ್ಧ್ಯಾನ ತೋಳು ಚಾಚಿ ಹಿಡಿದಳು. "ಚುಚ್ರಿ" ಎಂದಳು. ಎರಡು ಕೂಸು ಮಣ್ಣಿಗಿಟ್ಟ ಕೈ ಅದು. ಅವಳ ಹಿಂದೆ ಎಲ್ಲರೂ ಸಾಲು ನಿಂತರು. ಅಂಥ ಧೈರ್ಯವನ್ನು ನಾನು ಪುಸ್ತಕದಲ್ಲೂ ಓದಿರಲಿಲ್ಲ. ಎಲ್ಲ ಮುಗಿದ ಮೇಲೆ ಮೊಸರನ್ನವನ್ನು ಚುಚ್ಚುವವನಿಗೇ ಬಡಿಸಿದರು. ಅವನು ತಿನ್ನುತ್ತ ಕಣ್ಣೊರೆಸಿಕೊಂಡ.

ಅಂದು ಸಂಜೆ ಆಪಾ ನನಗೆ ಬೈಯುತ್ತಾರೆಂದು ಕಾಯುತ್ತಿದ್ದೆ. ಅವರು ಹೇಳಿದ್ದು ಇಷ್ಟೇ: "ಕೂಗಬ್ಯಾಡ. ಗುಂಪಿಗಿ ಹೇಳಿದ್ದು ಯಾರಿಗೂ ಹೇಳಿದಂಗಲ್ಲ. ಒಬ್ಬೊಬ್ಬರ ಹತ್ರ ಹೋಗು. ಮೊದಲ ಅವರ ಕೂಸಿಂದು ಒಂದು ಮಾತು ಹೇಳು. ಇವತ್ತು ಏನು ತಿಂತು, ಯಾರ ಜೋಡಿ ಆಡ್ತು, ಯಾಕ ನಕ್ತು. ಆಮ್ಯಾಲ ಉಗುರು ತಗೀರಿ ಅಂತ ಹೇಳು. ಹಗಲೆಲ್ಲ ಕೂಸನ್ನ ಬಿಟ್ಟು ಕಲ್ಲು ಹೊತ್ತಾರ. ಅವರಿಗಿ ಬೇಕಾದದ್ದು ಮೊದಲು ಕೊಡು."

ನಾನು ಹಾಗೇ ಮಾಡತೊಡಗಿದೆ. ಆಗ ನನಗೆ ಕಣ್ಣು ತೆರೆಯಿತು. ಹಣೆಯ ಮೇಲೆ ಬೆವರು ಧೂಳು ಸೇರಿ ಸುಣ್ಣದಂತೆ ಗಟ್ಟಿಯಾದ ಹೆಂಗಸಿಗೆ ನಾನು, "ನಿನ್ನ ಮಗಳು ಇವತ್ತು ಇರಿವಿ ಸಾಲಿನ ಜೋಡಿ ಮಾತಾಡ್ಕೋತ ಕುಂತಿದ್ಳು" ಎಂದರೆ ಸಾಕು, ದಿನದ ದಣಿವನ್ನೆಲ್ಲ ಇಳಿಸಿ ಅಲ್ಲೇ ನಿಲ್ಲುತ್ತಿದ್ದಳು. "ಏನಂದಳ್ರಿ ಇರಿವಿಗಿ?" ಎಂದು ಕೇಳುತ್ತಿದ್ದಳು. ಹೇಳಿದ್ದನ್ನೇ ಮತ್ತೊಮ್ಮೆ ಹೇಳಿಸುತ್ತಿದ್ದಳು. ಹೀಗಾಗಿ ಮಕ್ಕಳನ್ನು ದಿನವಿಡೀ ಕಣ್ಣಿಟ್ಟು ನೋಡುವುದು ನನಗೆ ಅನಿವಾರ್ಯವಾಯಿತು. ಸಂಜೆ ಹೇಳಲು ಏನಾದರೂ ಬೇಕಲ್ಲ. ನೋಡುತ್ತ ನೋಡುತ್ತ ಒಂದು ಕೂಸು ಇನ್ನೊಂದರಂತೆ ಇಲ್ಲವೆಂಬುದು ತಿಳಿಯಿತು. ಬೆಳಕಿನ ಕೋಲು ಹಿಡಿಯಲು ಹೋಗುವ ಕೂಸು, ಅಳುವ ಮಗುವಿನ ಪಕ್ಕ ಹೋಗಿ ತಾನೂ ಅಳುವ ಕೂಸು, ಎಲ್ಲವನ್ನೂ ಮೂಸಿ ನೋಡುವ ಕೂಸು. ನಾನು ಕೆಲಸ ಕಲಿತದ್ದು ಹೀಗೆ.

ಆದರೆ ಹೇಳಬಾರದ ಸುದ್ದಿಯೂ ಇರುತ್ತದೆಂದು ಇಸ್ಮಾಯಿಲನ ಮಗಳ ವಿಷಯದಲ್ಲಿ ಗೊತ್ತಾಯಿತು. ಇಸ್ಮಾಯಿಲ್ ಫರ್ಸಿಗೆ ಉಜ್ಜಿ ನುಣುಪು ಕೊಡುವ ಕೆಲಸದವನು. ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು. ಮಗಳು ಜೈನಬಿ ಓಡಾಡುತ್ತಿದ್ದಳು, ಆಡುತ್ತಿದ್ದಳು, ಆದರೆ ಒಂದು ಮಾತೂ ಆಡಿರಲಿಲ್ಲ. ಅವಳ ವಯಸ್ಸಿನ ಮಕ್ಕಳು ಬಯ್ಗುಳ ಕಲಿತಿದ್ದರು. ಪ್ರತಿ ಸಂಜೆ ಅವನು ಕೇಳುವುದು ಒಂದೇ: "ಇವತ್ತರ ಏನರ ಅಂದಳೇನ್ರಿ ಅಕ್ಕೋರೆ?" ನಾನು ಬೇರೆ ಸುದ್ದಿ ಹೇಳುತ್ತಿದ್ದೆ. ಅವನು ತಲೆಯಾಡಿಸಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ.

ಒಂದು ಮಧ್ಯಾಹ್ನ ಕಿಟಕಿಯಲ್ಲಿ ಗುಬ್ಬಿ ಕೂತಿತ್ತು. ಜೈನಬಿ ಅದನ್ನೇ ನೋಡುತ್ತಿದ್ದಳು. ಗುಬ್ಬಿ ಹಾರಿಹೋಯಿತು. "ಹೋಯ್ತು" ಎಂದಳು. ಸ್ಪಷ್ಟವಾಗಿ, ಮೆಲ್ಲಗೆ, ಯಾವತ್ತೂ ಮಾತಾಡುತ್ತಿದ್ದವಳ ಹಾಗೆ. ಪೋಚಮ್ಮ ಅಂಬಲಿ ತಿರುವುತ್ತಿದ್ದ ಸವಟು ಬಿಟ್ಟಳು. ನಾನು ಬಾಗಿಲ ಕಡೆ ಓಡಿದೆ, ಹಳ್ಳ ದಾಟಿ ಗಣಿಗೇ ಹೋಗಿ ಹೇಳಿಬಿಡೋಣವೆಂದು. ಆಪಾ ನನ್ನ ಸೆರಗು ಹಿಡಿದು ನಿಲ್ಲಿಸಿದರು.

"ಎಲ್ಲಿಗಿ?"

"ಇಸ್ಮಾಯಿಲಗ ಹೇಳ್ಬೇಕಲ್ರಿ!"

"ಹೇಳಬ್ಯಾಡ. ಮಗಳ ಮೊದಲ ಮಾತು ಅವ ತನ್ನ ಕಿವೀಲೆ ಕೇಳ್ಲಿ. ನಾವು ಕೇಳಿದ್ದು ನಮ್ಮ ಹೊಟ್ಟ್ಯಾಗಿರ್ಲಿ."

ಸಂಜೆ ಅವನು ಬಂದ. ಎಂದಿನಂತೆ ಕೇಳಿದ. ನಾನು ತುಟಿ ಕಚ್ಚಿಕೊಂಡು, "ಗುಬ್ಬಿ ಜೋಡಿ ಭಾಳ ಹೊತ್ತು ಕುಂತಿದ್ಳು. ದಾರ್ಯಾಗ ಗುಬ್ಬಿ ಕಂಡ್ರ ಸ್ವಲ್ಪ ನಿಂದರ್ರಿ" ಎಂದಷ್ಟೇ ಹೇಳಿದೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾವು ಮೂವರೂ ಸಾಲೆಗೆ ಬಂದು ಒಲೆ ಹೊತ್ತಿಸುತ್ತಿದ್ದೆವು, ಬಾಗಿಲು ಬಡಿದ ಸದ್ದು. ತೆಗೆದರೆ ಇಸ್ಮಾಯಿಲ್, ಹೆಗಲ ಮೇಲೆ ಮಗಳು.

"ಅಕ್ಕೋರೆ, ಮಾತಾಡ್ಯಾಳ್ರಿ! ನನ್ನ ಮಗಳು ಮಾತಾಡ್ಯಾಳ! ಗುಬ್ಬಿ ನೋಡಿ ಹೋಯ್ತು ಅಂದಳ್ರಿ! ನಾ ಒಬ್ಬನ ಕೇಳೀನಿ, ಮತ್ಯಾರೂ ಕೇಳಿಲ್ಲ!"

"ಹೌದೇನು!" ಎಂದು ಆಪಾ ಎರಡೂ ಕೈ ಎದೆಗಿಟ್ಟುಕೊಂಡರು. ಅಷ್ಟು ಚೆಂದದ ಅಚ್ಚರಿಯನ್ನು ನಾನು ಯಾವ ನಾಟಕದಲ್ಲೂ ಕಂಡಿಲ್ಲ. ಪೋಚಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡು ಒಲೆಯ ಹತ್ತಿರ ಹೋದಳು. ಹೊಸ ಹುಡುಗಿಯರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ: ಮೊದಲ ಹೆಜ್ಜೆ, ಮೊದಲ ಮಾತು ನೀವು ಕಂಡರೂ ಕಂಡೆವೆನ್ನಬೇಡಿ.

ಈಗ ಹಳ್ಳ ತುಂಬಿದ ದಿನದ ಮಾತು. ಭಾದ್ರಪದದಲ್ಲಿ ನಮ್ಮಲ್ಲಿ ಮಳೆ ಬಿಡುವು ಕೊಟ್ಟು, ಗಣಿಯ ಕೆಲಸ ಮತ್ತೆ ನಡೆದಿತ್ತು. ಹಳ್ಳದಲ್ಲಿ ಮೊಣಕಾಲುದ್ದ ನೀರು. ತಾಯಂದಿರು ಮುಂಜಾನೆ ದಾಟಿ ಹೋಗಿದ್ದರು. ಆಕಾಶ ತಿಳಿಯಾಗಿತ್ತು. ಆದರೆ ಮೇಲೆ ಚಿಂಚೋಳಿ ಕಡೆ, ಐನಾಪುರದ ಸುತ್ತಮುತ್ತ ಹಿಂದಿನ ರಾತ್ರಿಯೆಲ್ಲ ಹೊಡೆದಿತ್ತಂತೆ. ಆ ನೀರು ಕಾಗಿಣಾ ನದಿಗೆ ಬಂದು, ನದಿ ಉಬ್ಬಿ, ನಮ್ಮ ಹಳ್ಳ ಅದಕ್ಕೆ ಸೇರುವ ಬಾಯಿಯನ್ನೇ ಮುಚ್ಚಿಬಿಟ್ಟಿತು. ನಮಗೆ ಇದೊಂದೂ ಗೊತ್ತಿಲ್ಲ. ಮಧ್ಯಾಹ್ನ ನೀರಿಗೆ ಹೋದ ಪೋಚಮ್ಮ ಖಾಲಿ ಕೊಡ ಹಿಡಿದು, ತನ್ನ ತೆಲುಗು ಬೆರೆಸಿ ಕೂಗುತ್ತ ಓಡಿಬಂದಳು.

"ಅಮ್ಮಾ, ಹಳ್ಳ ಉಲ್ಟಾ ಹರಿಯಾಕತ್ತದ! ನೀಳ್ಳು ಹಿಂದಕ್ಕ ಬರಾಕತ್ತದ!"

ಹೊರಗೆ ಬಂದು ನೋಡಿದೆವು. ನಿಜ. ಕೆಂಪು ನೀರು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು, ಸದ್ದಿಲ್ಲದೆ, ಹಾಲು ಉಕ್ಕಿದ ಹಾಗೆ. ಸ್ವಲ್ಪ ಹೊತ್ತಿಗೆ ಹಳ್ಳದ ಮೇಲ್ತುದಿಯಿಂದಲೂ ನೀರು ಬಂತು. ಎರಡೂ ಕೂಡಿದಲ್ಲಿ ಸುಳಿ ಎದ್ದು ಭೋರೆಂದು ಸದ್ದಾಯಿತು. ನಮ್ಮ ಸಾಲೆ ದಿಬ್ಬದ ಮೇಲಿತ್ತು. ಆಚೆ ಗಣಿಯ ಕಲ್ಲಿನ ಗುಡ್ಡೆಯೂ ಎತ್ತರದಲ್ಲಿತ್ತು. ಆದರೆ ನಡುವೆ ದಾಟುವ ದಾರಿ ಇರಲಿಲ್ಲ.

ಆಚೆ ದಂಡೆಯಲ್ಲಿ ಹೆಂಗಸರು ಸೇರಿದರು. ಅವರಿಗೆ ನಮ್ಮ ದಿಬ್ಬದ ಬುಡಕ್ಕೆ ನೀರು ಹತ್ತಿದ್ದು ಕಾಣುತ್ತಿತ್ತು, ಸಾಲೆಯೊಳಗೆ ಏನಾಗಿದೆಯೆಂದು ಕಾಣುತ್ತಿರಲಿಲ್ಲ. ನಾವು ಕೂಗಿದೆವು. ಅವರೂ ಕೂಗಿದರು. ನೀರಿನ ಸದ್ದು ಎಲ್ಲವನ್ನೂ ನುಂಗಿತು. ನೋಡುನೋಡುತ್ತಿದ್ದಂತೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಗೆ ಕೈ ಹೆಣೆದು, ಸಾಲಾಗಿ ನೀರಿಗೆ ಇಳಿಯತೊಡಗಿದರು. ಗಂಡಸರು ಹಿಡಿದೆಳೆದರೂ ಕೇಳುತ್ತಿಲ್ಲ. ಮುಂದೆ ನಾಗಮ್ಮ. ಅದೇ ಹೊತ್ತಿಗೆ ಬೇರುಸಹಿತ ಕಿತ್ತ ಒಂದು ಜಾಲಿ ಮರ ನಡುನೀರಿನಲ್ಲಿ ಗಿರಿಗಿರಿ ತಿರುಗುತ್ತ ಹೋಯಿತು.

ಅವರನ್ನು ತಡೆಯಬೇಕು, ಮಕ್ಕಳು ಸುಖವಾಗಿದ್ದಾರೆ ಎಂದು ತಿಳಿಸಬೇಕು. ನಾನು ಒಳಗೆ ಓಡಿ ಹಾಸುವ ಬಿಳಿ ದುಪ್ಪಟಿ ತಂದು ಎರಡೂ ಕೈಯಲ್ಲಿ ಹಿಡಿದು ಬೀಸಿದೆ. ಆಚೆ ದಂಡೆಯಲ್ಲಿ ಒಬ್ಬಳು ಎದೆ ಬಡಿದುಕೊಂಡು ಕುಸಿದಳು. ಆಪಾ ಅದನ್ನು ಕಿತ್ತುಕೊಂಡರು.

"ಏನ್ ಮಾಡಾಕತ್ತಿ! ಬಿಳಿ ಅರಿವಿ ನೋಡಿ ಅವರು ಏನಂತ ತಿಳ್ಕೋಬೇಕು?"

ಆಪಾ ಒಂದು ಕ್ಷಣ ಆಚೆ ನೋಡಿದರು, ಒಳಗೆ ನೋಡಿದರು.

"ಕೂಸುಗಳ ಮೈಮ್ಯಾಲಿನ ಅರಿವಿ ಬಿಚ್ಚು. ಒಂದೊಂದೇ ತಾ."

ಪೋಚಮ್ಮ ಬಿಚ್ಚಿದಳು, ನಾನು ತಂದೆ, ಆಪಾ ಉದ್ದನೆಯ ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದರು. ಮೊದಲು ಒಂದು ಕೂಸಿನ ತಲೆಯ ಕೆಂಪು ಕುಲಾಯಿ. ಅದನ್ನು ಎತ್ತಿ ಆಡಿಸಿ, ಹಾಗೇ ಹಿಡಿದು ನಿಂತರು. ಆಚೆ ಸಾಲಿನಲ್ಲಿ ಒಬ್ಬಳು ನಿಂತಳು. ಕೈ ಕಣ್ಣಿಗೆ ಅಡ್ಡ ಹಿಡಿದು ನೋಡಿದಳು. ಪಕ್ಕದವಳ ಕೈ ಬಿಟ್ಟು, ಹಿಂದೆ ಸರಿದು, ದಂಡೆಗೆ ಹತ್ತಿ ಕುಳಿತುಬಿಟ್ಟಳು. ತನ್ನ ಕೈಯಿಂದ ಹೊಲಿದ ಕುಲಾಯಿ ಅವಳಿಗೆ ಅಷ್ಟು ದೂರದಿಂದ ಗುರುತು ಸಿಕ್ಕಿತ್ತು. ಆಮೇಲೆ ಹಸಿರು ಅಂಗಿ. ಇನ್ನೊಬ್ಬಳು ಹಿಂದೆ ಸರಿದಳು. ತೇಪೆ ಹಾಕಿದ ಚಡ್ಡಿ, ಮತ್ತೊಬ್ಬಳು. ತಾಯಿಯ ಹೂವಿನ ಓಢಣಿ ಕತ್ತರಿಸಿ ಹೊಲಿದ ಜೈನಬಿಯ ಅಂಗಿ ಎತ್ತಿದಾಗ ಗಂಡಸರ ಗುಂಪಿನಲ್ಲಿ ಇಸ್ಮಾಯಿಲ್ ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿದ. ಒಂದೊಂದು ಬಟ್ಟೆಗೂ ಒಬ್ಬೊಬ್ಬಳು. ಆ ಸಾಲು ಮಣಿ ಉದುರಿದಂತೆ ಬಿಚ್ಚಿಕೊಂಡಿತು. ನಾನು ನೋಡುತ್ತಿರುವುದು ಈ ಲೋಕದ್ದೇ ಹೌದೋ ಅಲ್ಲವೋ ಎಂದು ನನಗೆ ಅನಿಸುತ್ತಿತ್ತು.

ಕೊನೆಗೆ ಒಬ್ಬಳೇ ಉಳಿದಳು. ನಾಗಮ್ಮ. ಸೊಂಟಮಟ್ಟ ನೀರಿನಲ್ಲಿ ನಿಂತಿದ್ದಳು, ಕೈ ಹಿಡಿಯಲು ಪಕ್ಕದಲ್ಲಿ ಯಾರೂ ಇಲ್ಲ.

"ಸಿದ್ಧ್ಯಾಂದು ತಾ" ಎಂದರು ಆಪಾ.

"ಸಿದ್ಧ್ಯಾನ ಮೈಮ್ಯಾಲ ಏನೂ ಇಲ್ರಿ ಆಪಾ!"

ಎರಡು ಕೂಸು ಹೋದ ಮೇಲೆ ಹುಟ್ಟಿದವನೆಂದು, ಐದು ವರ್ಷ ತುಂಬುವ ತನಕ ಮೈಗೆ ಅರಿವೆ ಹಾಕುವುದಿಲ್ಲವೆಂದು ನಾಗಮ್ಮ ಹರಕೆ ಹೊತ್ತಿದ್ದಳು. ಸೊಂಟದಲ್ಲಿ ಒಂದು ಕರಿಯ ಉಡದಾರ, ಅಷ್ಟೇ. ನಾಗಮ್ಮ ಇನ್ನೊಂದು ಹೆಜ್ಜೆ ಇಟ್ಟಳು. ನೀರು ಎದೆಗೆ ಬಂತು.

ಆಪಾ ಕೋಲು ಬಿಸಾಡಿದರು. ಸಾಲೆಯ ಮಗ್ಗುಲಿಗೆ ಫರ್ಸಿ ಒಟ್ಟಿದ್ದರು, ಆಳೆತ್ತರಕ್ಕೂ ಮೇಲೆ. ದುಪಟ್ಟಾ ಸೊಂಟಕ್ಕೆ ಬಿಗಿದು, ಮೊಣಕಾಲು ನೋವಿನ ಆ ಹೆಂಗಸು ಅದರ ಮೇಲೆ ಹತ್ತಿದರು. ಕೆಳಗಿನಿಂದ ನಾನು ಸಿದ್ಧ್ಯಾನನ್ನು ಕೊಟ್ಟೆ. ಆಪಾ ಅವನನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿದರು. ಬಿಸಿಲಲ್ಲಿ ಬೆತ್ತಲೆ ಕೂಸು. ಅವನಿಗೆ ಅದೊಂದು ಆಟ. ಕಾಲು ಝಾಡಿಸಿ ಕೇಕೆ ಹಾಕಿದ. ಆಪಾ ಇಳಿಸಲಿಲ್ಲ.

ನಾಗಮ್ಮ ನೋಡಿದಳು. ಅವಳು ನೀರಿನಿಂದ ಎರಡೂ ಕೈ ಮೇಲೆತ್ತಿ ಜೋಡಿಸಿದಳು. ಆಮೇಲೆ ಬೆನ್ನು ತಿರುಗಿಸದೆ, ಕಣ್ಣು ಮಗನ ಮೇಲಿಂದ ಕೀಳದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು ದಂಡೆ ಸೇರಿದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ನೀರು ಇಳಿಯಿತು. ಗಂಡಸರು ಹಗ್ಗ ಕಟ್ಟಿದರು. ಒಬ್ಬೊಬ್ಬರಾಗಿ ದಾಟಬೇಕು. ಮೊದಲು ಬಂದವಳು ನಾಗಮ್ಮ. ಸಿದ್ಧ್ಯಾ ಅಂಗಳದಲ್ಲಿ ಕಲ್ಲು ಜೋಡಿಸುತ್ತ ಕೂತಿದ್ದ, ತಾಯಿಯನ್ನು ಕಂಡು ನಕ್ಕ. ಒಳಗೆ ಜೋಳಿಗೆಯಲ್ಲಿ ಒಂದು ಎಳೆಗೂಸು, ಪೋಚಮ್ಮ ಬತ್ತಿಯಲ್ಲಿ ಹಿಂಡಿದ ಹಾಲಿಗೆ ಒಗ್ಗದೆ, ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಅದರ ತಾಯಿ ಇನ್ನೂ ಆಚೆಯೇ ಸರದಿಗೆ ಕಾಯುತ್ತಿದ್ದಳು. ನಾಗಮ್ಮ ಮಗನ ತಲೆ ಒಮ್ಮೆ ಮುಟ್ಟಿ, ಒದ್ದೆ ಸೀರೆಯಲ್ಲೇ ಒಳಗೆ ಹೋಗಿ, ಆ ಕೂಸನ್ನು ಎತ್ತಿ ಎದೆಗೆ ಹಚ್ಚಿಕೊಂಡಳು. ನಾನೂ ಆಪಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ದಿನಾ ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಮಕ್ಕಳನ್ನೆಲ್ಲ ಹೊರಗೆ ಕರೆತಂದು ದಿಬ್ಬದ ಮೇಲೆ ಕೂರಿಸುತ್ತಿದ್ದೆವು. ಆಚೆ ಹೆಂಗಸರು ಕಲ್ಲಿನ ಗುಡ್ಡೆ ಹತ್ತಿ ನಿಂತು ನೋಡಿ ಹೋಗುತ್ತಿದ್ದರು. ಗಣಿಯ ಮೇಲಿನವರು ಇದಕ್ಕೆ ಅಸಮಾಧಾನಪಟ್ಟರು, ಕೆಲಸದ ಹೊತ್ತು ಹಾಳೆಂದರು. ಆಪಾ ಕೇಳಿಸಿಕೊಂಡರು, ನಿಲ್ಲಿಸಲಿಲ್ಲ.

ನಿಜಾಮರ ಸಂಸ್ಥಾನ ಮುಗಿಯುವ ವರ್ಷ ಎಲ್ಲ ಕಡೆ ಹೆದರಿಕೆ ಹರಡಿತು. ಮೊದಲು ಹಿಂದೂ ಮನೆಗಳವರು ಕೆಲವರು ಊರು ಬಿಟ್ಟರು, ಭಾರತದ ಫೌಜು ಬಂದು ಸರ್ಕಾರ ಬದಲಾದ ಮೇಲೆ ಮುಸಲ್ಮಾನರ ಮನೆಗಳವರು ಕೆಲವರು ಬಿಟ್ಟರು. ವಾಡಿ ಜಂಕ್ಷನ್ನಿನಲ್ಲಿ ಹೋಗುವ ರೈಲೂ ತುಂಬಿರುತ್ತಿತ್ತು, ಬರುವ ರೈಲೂ ತುಂಬಿರುತ್ತಿತ್ತು. ಗಣಿ ನಿಂತಿತು, ಸಾಲೆಗೆ ಕೀಲಿ ಬಿತ್ತು. ಒಂದು ಮುಂಜಾನೆ ಇಸ್ಮಾಯಿಲ್ ಗಂಟು ಹೊತ್ತು ನನ್ನ ಮನೆ ಬಾಗಿಲಿಗೆ ಬಂದ. ಜೈನಬಿ ಆಗಲೇ ಬೆಳೆದಿದ್ದಳು, ಮಾತು ನಿಲ್ಲಿಸುವವಳೇ ಅಲ್ಲ. ಅಂದು ಸುಮ್ಮನಿದ್ದಳು.

"ಹೈದ್ರಾಬಾದಕ್ಕ ಹೊಂಟೀವ್ರಿ ಅಕ್ಕೋರೆ. ಮುಟ್ಟಿದ ಮ್ಯಾಲ ಸುದ್ದಿ ಕಳಸ್ತೀನಿ."

ಆ ಸುದ್ದಿ ಇವತ್ತಿನವರೆಗೂ ಬಂದಿಲ್ಲ. ಜೈನಬಿ ಎಲ್ಲೋ ಅಜ್ಜಿಯಾಗಿ ಮೊಮ್ಮಕ್ಕಳ ತಲೆ ತಿನ್ನುತ್ತಿದ್ದಾಳೆಂದೇ ನಾನು ಅಂದುಕೊಂಡಿದ್ದೇನೆ.

ಕೆಲವು ವಾರಗಳ ಮೇಲೆ ಗಣಿಯಲ್ಲಿ ಮತ್ತೆ ಸುತ್ತಿಗೆ ಸದ್ದು ಕೇಳಿತು. ಸಾಲೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಕಸವಾದರೂ ಗುಡಿಸೋಣವೆಂದು ನಾನೂ ಪೋಚಮ್ಮನೂ ಹೋಗಿ ಕೀಲಿ ತೆಗೆದೆವು. ಅವಳು ಒಲೆ ಹೊತ್ತಿಸಿದಳು. ಹೊಗೆ ಮೇಲೆದ್ದದ್ದನ್ನು ಗಣಿಯಿಂದ ಕಂಡಿರಬೇಕು. ಇನ್ನೂ ಅರ್ಧ ಕೋಣೆ ಗುಡಿಸಿದ್ದೆ, ಹಳ್ಳ ದಾಟಿ ಹೆಂಗಸರು ಬರುತ್ತಿದ್ದರು, ಕಂಕುಳಲ್ಲಿ ಕೂಸುಗಳು. ಮುಂದೆ ನಾಗಮ್ಮ. ಅವಳ ಕಂಕುಳಲ್ಲಿ ಸಿದ್ಧ್ಯಾನ ತಂಗಿ.

"ಆಪಾ ಎಲ್ಲದಾರ್ರಿ?"

"ಮನ್ಯಾಗದಾರ. ಬರ್ತಾರೋ ಇಲ್ಲೋ ಗೊತ್ತಿಲ್ಲ ನಾಗಮ್ಮ."

"ಯಾಕ ಬರಲ್ಲ?"

ನಾನು ಊರ ಕಡೆ ನೋಡಿದೆ. ಆಪಾ ಅವರ ಓಣಿಯಲ್ಲಿ ಅರ್ಧ ಮನೆಗಳು ಖಾಲಿಯಾಗಿದ್ದವು. ಅವರು ಮುದಿ ತಾಯಿಯೊಂದಿಗೆ ಅಗಳಿ ಹಾಕಿಕೊಂಡು ಒಳಗಿದ್ದರು. ನಾಗಮ್ಮ ನನ್ನ ಮುಖ ನೋಡಿದಳು, ಅವಳಿಗೂ ತಿಳಿಯಿತು.

"ಸಾಲಿ ತೆರದದಂತ ಅವರಿಗಿ ಯಾರರ ಹೇಳ್ಯಾರೇನು?"

"ಇಲ್ಲ."

"ಮತ್ತ ಹೆಂಗ ಗೊತ್ತಾಗ್ಬೇಕು?" ಎಂದು ಅವಳು ತಿರುಗಿ ಊರ ಕಡೆ ನಡೆದಳು. ಹಿಂದೆ ಎಲ್ಲರೂ ನಡೆದರು. ನಾನೂ ಹೋದೆ.

ಓಣಿಯಲ್ಲಿ ನಮ್ಮ ಕಾಲ ಸದ್ದಿಗೆ ಒಂದೊಂದೇ ಕಿಟಕಿ ಮುಚ್ಚಿಕೊಂಡಿತು. ನಾಗಮ್ಮ ಅದನ್ನು ಗಮನಿಸಿದಳು. ಕೈ ಮಾಡಿ ಎಲ್ಲರನ್ನೂ ದೂರ ನಿಲ್ಲಿಸಿ, ತಾನೊಬ್ಬಳೇ ಹೋಗಿ ಬಾಗಿಲಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳು.

"ನಾ ನಾಗಮ್ಮರಿ ಆಪಾ. ಹೆದರಬ್ಯಾಡ್ರಿ. ಬರೇ ಕೂಸುಗಳ ತಾಯಂದಿರು ಬಂದೀವಿ. ಸಾಲಿ ತೆರದದ."

ಒಂದು ಕೂಸು ಕೆಮ್ಮಿತು. ಆಮೇಲೆ ಒಳಗೆ ಅಗಳಿ ಸರಿದ ಸದ್ದಾಯಿತು. ಆಪಾ ಹೊರಗೆ ಬಂದು ನಿಂತರು. ಇಷ್ಟೇ ದಿನಗಳಲ್ಲಿ ಎಷ್ಟು ಮುದುಕಿಯಾಗಿದ್ದರು. ಎಲ್ಲರ ಮುಖ ನೋಡಿದರು.

"ಯಾರು ಕಳಿಸ್ಯಾರ ನಿಮ್ಮನ್ನ?"

"ಯಾರೂ ಕಳ್ಸಿಲ್ರಿ. ನಾವೇ ಬಂದೀವಿ. ನೀವು ಬರದಿದ್ರ ನಾವು ಗಣಿಗಿ ಹೆಂಗ ಹೋಗೂದು?"

ಆಪಾ ಒಳಗೆ ಹೋಗಿ ತಾಯಿಗೆ ಏನೋ ಹೇಳಿ ಬಂದರು. ಇಬ್ಬರು ಹೆಂಗಸರು, ಸಂಜೆಯ ತನಕ ತಾವು ಇಲ್ಲೇ ಇರುತ್ತೇವೆಂದು, ಯಾರೂ ಹೇಳದೆಯೇ ಮುದುಕಿಯ ಬಾಗಿಲಲ್ಲಿ ಕುಳಿತರು. ಉಳಿದವರು ಆಪಾ ಅವರ ಮುಂದೆ ಕೆಲವರು, ಹಿಂದೆ ಕೆಲವರು, ಎರಡೂ ಮಗ್ಗುಲಿಗೆ ಕೆಲವರು. ಹಾಗೇ ನಡು ಬಜಾರಿನಲ್ಲಿ ನಡೆದೆವು. ಅಂಗಡಿಯವರು ತಕ್ಕಡಿ ಹಿಡಿದು ನಿಂತು ನೋಡಿದರು.

ಸಾಲೆಯ ಅಂಗಳಕ್ಕೆ ಬಂದ ಮೇಲೆ ಆಪಾ ನಾಗಮ್ಮನ ಕಂಕುಳಿನಿಂದ ಕೂಸನ್ನು ತಾವಾಗಿ ಎತ್ತಿಕೊಂಡರು. ಅದರ ಅಂಗಾಲು ತಿರುಗಿಸಿ ನೋಡಿದರು.

"ಪೋಚಮ್ಮ, ನೀರು ಇಡು" ಎಂದರು. "ಎಲ್ಲಾ ಧೂಳಾಗಿ ಬಂದಾವ."